ಸಂಪಾದಕರು ಜೈಲಿನಲ್ಲಿ, ಪತ್ರಿಕೆ ಮನೆಮನೆಯಲ್ಲಿ

ಕೇಳುಗರಿಗೆ ನಮಸ್ಕಾರ.

1881ರ ಜನವರಿ 4, ಮಂಗಳವಾರ. ಪುಣೆಯಲ್ಲಿ ‘ಕೇಸರಿ’ ಎಂಬ ಮರಾಠಿ ವಾರಪತ್ರಿಕೆ ಹುಟ್ಟಿತು. ಅದರ ಇಂಗ್ಲಿಷ್ ಜೊತೆಗಾರ ‘ಮರಾಠಾ’ ಎರಡು ದಿನ ಮೊದಲೇ ಬಂದಿತ್ತು. ಇವನ್ನು ಹೊರತಂದವರು ಶಾಲೆ ನಡೆಸುತ್ತಿದ್ದ ಮೇಷ್ಟ್ರುಗಳು. ಕೇಸರಿ ಅಂದ್ರೆ ತಿಲಕರು ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ, ಅಲ್ವಾ? ಆದರೆ ಅದರ ಮೊದಲ ಸಂಪಾದಕರು ಗೋಪಾಲ ಗಣೇಶ ಆಗರಕರ್. ತಿಲಕರು ಆಗ ಇಂಗ್ಲಿಷ್ ಪತ್ರಿಕೆ ನೋಡಿಕೊಳ್ಳುತ್ತಿದ್ದರು.

ಮರುವರ್ಷವೇ ಇಬ್ಬರೂ ಜೈಲು ಕಂಡರು. ಕೊಲ್ಹಾಪುರದ ದಿವಾನರ ಮೇಲೆ ಆರೋಪ ಹೊರಿಸಿದ್ದ ಪತ್ರಗಳನ್ನು ನಂಬಿ ಬರೆದಿದ್ದರು. ಪತ್ರಗಳು ನಕಲಿ ಅಂತ ಆಮೇಲೆ ಗೊತ್ತಾಯಿತು. ಮುಂಬೈನ ಡೋಂಗ್ರಿ ಜೈಲಿನಲ್ಲಿ 101 ದಿನ ಕಳೆದರು.

ಮುಂದೆ ಗೆಳೆಯರು ಬೇರೆಯಾದರು, ಕೇಸರಿ ತಿಲಕರ ಕೈಗೆ ಬಂತು. ಆಗರಕರ್‌ಗೆ ಸಮಾಜ ಸುಧಾರಣೆ ಮೊದಲು, ತಿಲಕರಿಗೆ ಸ್ವರಾಜ್ಯ ಮೊದಲು. 1891ರಲ್ಲಿ ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸುವ ಕಾನೂನು ಬಂದಾಗ ತಿಲಕರ ಕೇಸರಿ ಅದನ್ನು ವಿರೋಧಿಸಿತು. ಪರದೇಶದ ಸರಕಾರ ನಮ್ಮ ಮನೆಯೊಳಗೆ ಕೈ ಹಾಕಬಾರದು ಎಂಬುದು ವಾದ. ಇಷ್ಟು ದೊಡ್ಡ ಪತ್ರಿಕೆಯ ಕಥೆ ಹೇಳುವಾಗ ಇದನ್ನು ಸುಮ್ನೆ ದಾಟಿ ಹೋಗುವುದು ಸರಿಯಲ್ಲ ಅನಿಸುತ್ತದೆ ನನಗೆ.

1897ರಲ್ಲಿ ಪುಣೆಗೆ ಪ್ಲೇಗ್ ಬಂತು. ರೋಗಿಗಳನ್ನು ಹುಡುಕಲು ಗೋರಾ ಸಿಪಾಯಿಗಳು ಮನೆಗಳಿಗೆ ನುಗ್ಗಿದರು. ಜನ ರೊಚ್ಚಿಗೆದ್ದರು, ಕೇಸರಿ ಅದನ್ನು ಬರೆಯಿತು. ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ತಿಲಕರಿಗೂ ಅದಕ್ಕೂ ನಂಟು ತೋರಿಸಲು ಆಗಲಿಲ್ಲ. ಆದರೆ ಒಂದು ವಾರ ಮೊದಲಿನ ಸಂಚಿಕೆಯಲ್ಲಿ, ಶಿವಾಜಿ ಅಫ್ಜಲ್ ಖಾನನನ್ನು ಕೊಂದದ್ದು ತಪ್ಪಲ್ಲ ಎನ್ನುವ ಬರಹಗಳಿದ್ದವು, ಅವೇ ಸಾಕಾದವು. ರಾಜದ್ರೋಹದ ಕೇಸು. ಜ್ಯೂರಿಯಲ್ಲಿ ಒಂಬತ್ತು ಜನ. ಆರು ಯುರೋಪಿಯನ್ನರು ತಪ್ಪಿತಸ್ಥ ಅಂದರು, ಮೂವರು ಭಾರತೀಯರು ಅಲ್ಲ ಅಂದರು. ಹದಿನೆಂಟು ತಿಂಗಳ ಶಿಕ್ಷೆ.

ಆ ಕೇಸಿನಲ್ಲಿ ತಿಲಕರಿಗೆ ಜಾಮೀನು ಕೊಡಿಸಿದ ವಕೀಲರ ಹೆಸರು ದಾವರ್. ಈ ಹೆಸರು ನೆನಪಿಟ್ಟುಕೊಳ್ಳಿ.

1908ರ ಏಪ್ರಿಲ್ 30ರಂದು ಬಿಹಾರದ ಮುಜಫರ್‌ಪುರದಲ್ಲಿ ಕ್ರಾಂತಿಕಾರಿ ಹುಡುಗರು ಎಸೆದ ಬಾಂಬ್ ಸಿಡಿದು ಇಬ್ಬರು ಇಂಗ್ಲಿಷ್ ಹೆಂಗಸರು ಸತ್ತರು. ‘ದೇಶದ ದುರ್ದೈವ’ ಅಂತ ಕೇಸರಿ ಬರೆಯಿತು. ಬಾಂಬ್ ಎಸೆದದ್ದನ್ನು ಅದು ಹೊಗಳಲಿಲ್ಲ. ಆದರೆ ಹುಡುಗರು ಬಾಂಬ್ ಹಿಡಿಯುವ ಮಟ್ಟಕ್ಕೆ ಬಂದದ್ದು ನಿಮ್ಮ ಆಡಳಿತದಿಂದ ಅಂತ ಸರಕಾರಕ್ಕೆ ನೇರವಾಗಿ ಹೇಳಿತು. ಜೂನ್ 24ಕ್ಕೆ ತಿಲಕರ ಬಂಧನವಾಯಿತು. ಶೋಧನೆಯಲ್ಲಿ ಪೊಲೀಸರಿಗೆ ಒಂದು ಕಾರ್ಡು ಸಿಕ್ಕಿತು. ಸ್ಫೋಟಕಗಳ ಬಗ್ಗೆ ಎರಡು ಪುಸ್ತಕಗಳ ಹೆಸರು ಅದರಲ್ಲಿ ಬರೆದಿತ್ತು. ಅಷ್ಟೇ. ಸರಕಾರಿ ವಕೀಲರು ಅದನ್ನೇ ಸಾಕ್ಷಿಯಾಗಿ ಮುಂದಿಟ್ಟರು. ಹೊಸ ಸ್ಫೋಟಕ ಕಾನೂನನ್ನು ಟೀಕಿಸಿ ಬರೆಯಬೇಕಿತ್ತು, ಅದಕ್ಕೆ ಗುರುತು ಹಾಕಿಕೊಂಡಿದ್ದೆ ಅಂದರು ತಿಲಕರು. ಬರೆಯುವವರ ಮೇಜಿನ ಮೇಲೆ ಇಂಥ ಚೀಟಿ ಎಷ್ಟಿರುತ್ತವೆ ಹೇಳಿ!

ಜಾಮೀನು ಕೇಳಿದವರು ಆಗಿನ ಯುವ ವಕೀಲ ಮಹಮ್ಮದ್ ಅಲಿ ಜಿನ್ನಾ. ಇಲ್ಲ ಅಂದ ನ್ಯಾಯಾಧೀಶರು ಯಾರು? ಅದೇ ದಾವರ್. ವಕೀಲರ ಗೌನು ಬಿಟ್ಟು ಈಗ ಜಡ್ಜ್ ಆಗಿದ್ದರು.

ವಿಚಾರಣೆಯಲ್ಲಿ ತಿಲಕರು ತಮ್ಮ ಪರವಾಗಿ ತಾವೇ ವಾದಿಸಿದರು. ಒಟ್ಟು 21 ಗಂಟೆ ಮಾತಾಡಿದರು. ಮರಾಠಿ ಲೇಖನದ ಮೇಲೆ ಕೇಸು, ಆದರೆ ತೀರ್ಪು ಹೇಳಬೇಕಾದ ಜ್ಯೂರಿಗೆ ಮರಾಠಿ ಬರದು. ಏಳು ಯುರೋಪಿಯನ್ನರು ಒಂದು ಕಡೆ, ಇಬ್ಬರು ಪಾರ್ಸಿಗಳು ಇನ್ನೊಂದು ಕಡೆ. ಜುಲೈ 22ರ ರಾತ್ರಿ ತೀರ್ಪು ಬಂತು. ಆರು ವರ್ಷ ಗಡಿಪಾರು, ಸಾವಿರ ರೂಪಾಯಿ ದಂಡ. ಮರುದಿನ ತಿಲಕರ ಹುಟ್ಟುಹಬ್ಬ. ಮುಂಬೈನ ಗಿರಣಿ ಕಾರ್ಮಿಕರು ಆರು ದಿನ ಕೆಲಸ ನಿಲ್ಲಿಸಿದರು, ಶಿಕ್ಷೆಯ ಒಂದೊಂದು ವರ್ಷಕ್ಕೆ ಒಂದೊಂದು ದಿನದಂತೆ.

ತಿಲಕರನ್ನು ಬರ್ಮಾದ ಮಂಡಾಲೆಗೆ ಸಾಗಿಸಿದರು. ಪತ್ರಿಕೆ ನಿಲ್ಲಲಿಲ್ಲ. ಮೊದಲು ನಾಟಕಕಾರ ಖಾಡಿಲ್ಕರ್, ಆಮೇಲೆ ನರಸಿಂಹ ಚಿಂತಾಮಣ ಕೇಳ್ಕರ್ ಅದರ ನೊಗ ಹೊತ್ತರು. 1910ರ ಪ್ರೆಸ್ ಕಾನೂನು ಬೇರೆ ಬಂತು. ಠೇವಣಿ ಇಡಿಸಿಕೊಳ್ಳುವುದು, ಬರೆದದ್ದು ಹಿಡಿಸದಿದ್ದರೆ ಆ ಠೇವಣಿಯನ್ನು ಮುಟ್ಟುಗೋಲು ಹಾಕುವುದು. ಒಂದು ಸಾಲು ಹೆಚ್ಚುಕಡಿಮೆಯಾದರೆ ಛಾಪಖಾನೆಗೇ ಬೀಗ. ಆ ವರ್ಷಗಳ ಕೇಸರಿಯಲ್ಲಿ ಖಾರ ಕಡಿಮೆ ಅಂತ ಮೂಗು ಮುರಿಯುವವರಿದ್ದಾರೆ. ನನಗೇನೋ ಗುಡುಗಿದ ಸಂಪಾದಕೀಯಗಳಿಗಿಂತ ಆ ತಗ್ಗಿದ ದನಿಯ ಸಂಚಿಕೆಗಳ ಮೇಲೇ ಗೌರವ ಜಾಸ್ತಿ. ಅವು ವಾರವಾರ ಓದುಗರ ಕೈ ಸೇರಿದ್ದರಿಂದಲೇ 1914ರಲ್ಲಿ ಬಿಡುಗಡೆಯಾಗಿ ಬಂದ ತಿಲಕರಿಗೆ ಬರೆಯಲು ಒಂದು ಪತ್ರಿಕೆ, ಓದಲು ಜನ, ಎರಡೂ ಸಿದ್ಧವಾಗಿದ್ದವು.

1916ರಲ್ಲಿ ಸರಕಾರ ಮತ್ತೆ ಕೇಸು ಹಾಕಿತು. ಈ ಸಲ ಲೇಖನಗಳ ಮೇಲಲ್ಲ, ಸ್ವರಾಜ್ಯದ ಬಗ್ಗೆ ಮಾಡಿದ ಮೂರು ಭಾಷಣಗಳ ಮೇಲೆ. ಎರಡು ಅಹಮದ್‌ನಗರದವು. ಒಂದು ಮೇ 1ರಂದು ನಮ್ಮ ಬೆಳಗಾವಿಯಲ್ಲಿ ಮಾಡಿದ್ದು. ಈ ಸಲವೂ ವಾದಿಸಿದವರು ಜಿನ್ನಾ. ಹೈಕೋರ್ಟ್ ತಿಲಕರ ಪರ ತೀರ್ಪು ಕೊಟ್ಟಿತು.

ನಮಸ್ಕಾರ.