ಹವಳದ್ವೀಪದಲ್ಲಿ ಬಂದರು ಅಗೆಯುವ ಮುನ್ನ

ಕೇಳುಗರಿಗೆ ನಮಸ್ಕಾರ.

ಘಟ್ಟದಿಂದ ಈಚೆಗಿರುವ ಮೈಸೂರು, ಮಂಡ್ಯ ಸೀಮೆಯವರಿಗೆ ಹವಳದ್ವೀಪಗಳ ವಿಚಾರ ದೂರದ್ದೆಂದು ತೋರಬಹುದು. ಆದರೆ ಲಕ್ಷದ್ವೀಪ ಸಮೂಹದ ಉತ್ತರಕ್ಕಿರುವ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ದ್ವೀಪಗಳಿಗೂ ನಮ್ಮ ನಾಡಿಗೂ ಹಳೆಯ ನಂಟಿದೆ. ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಿನ ಜನ ಕಣ್ಣೂರಿನ ಅರಸುಮನೆತನದ ಆಡಳಿತಕ್ಕೆ ಬೇಸತ್ತು ಟಿಪ್ಪು ಸುಲ್ತಾನನ ಆಶ್ರಯಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಮಂಗಳೂರಿನ ಆಡಳಿತಕ್ಕೆ ಒಳಪಟ್ಟು, 1956ರವರೆಗೂ ಹಾಗೆಯೇ ಉಳಿದವು. ಮಂಗಳೂರಿನ ಹಳೆಯ ಬಂದರಿನಿಂದ ಅಕ್ಕಿ, ತರಕಾರಿ, ಸಿಮೆಂಟು ಹೇರಿಕೊಂಡ ಮಂಜಿ ಎಂಬ ಸರಕಿನ ದೋಣಿಗಳು ಈಗಲೂ ಆ ಕಡೆಗೆ ಹೊರಡುತ್ತವೆ.

ಬಂದರು ಬೇಕೆಂದು ದ್ವೀಪದ ಜನ ಕೇಳುವುದು ನ್ಯಾಯವೇ ಆಗಿದೆ. ಹಲವೆಡೆ ದೊಡ್ಡ ಹಡಗುಗಳು ಹವಳದ ದಿಬ್ಬದ ಹೊರಗೆ ಆಳದ ನೀರಿನಲ್ಲಿ ನಿಲ್ಲುತ್ತವೆ. ಪ್ರಯಾಣಿಕರು ಅಲ್ಲಿಂದ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಗರ್ಭಿಣಿಯರನ್ನೂ ಹಾಸಿಗೆ ಹಿಡಿದವರನ್ನೂ ಏಳುಬೀಳುವ ಅಲೆಯ ಮೇಲೆ ಹಾಗೆ ಇಳಿಸುವ ಕಷ್ಟವನ್ನು ಬಲ್ಲವರು ಬಂದರಿನ ಬೇಡಿಕೆಯನ್ನು ಹಗುರವಾಗಿ ಕಾಣಲಾರರು. ನಾನೂ ಬಂದರಿನ ವಿರುದ್ಧ ವಾದಿಸಲು ಬಂದಿಲ್ಲ. ಬಂದರಿಗಾಗಿ ಕಡಲ ತಳವನ್ನು ಯಂತ್ರದಿಂದ ಅಗೆಯಬೇಕಾಗುತ್ತದೆ. ಆ ಅಗೆತದಿಂದ ಆಗಬಹುದಾದ ಹಾನಿಯನ್ನು ಮೊದಲೇ ಅಂದಾಜು ಮಾಡುವ ಕ್ರಮವೊಂದಿದೆ; ಅದಕ್ಕೆ ಪರಿಸರ ಪರಿಣಾಮ ಮೌಲ್ಯಮಾಪನ ಎನ್ನುತ್ತೇವೆ. ಕೆಲಸ ನಡೆಯುತ್ತಿರುವಾಗಲೇ ಯಂತ್ರವನ್ನು ನಿಲ್ಲಿಸುವ ಅಧಿಕಾರ ಆ ಅಂದಾಜಿಗೆ ಇಲ್ಲದಿದ್ದರೆ, ಸಣ್ಣ ಹವಳದ್ವೀಪದ ಮಟ್ಟಿಗೆ ಅದರಿಂದ ಪ್ರಯೋಜನವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುತ್ತೇನೆ.

ಮೊದಲು ದ್ವೀಪದ ನೆಲವನ್ನೇ ನೋಡೋಣ. ಲಕ್ಷದ್ವೀಪದ 36 ದ್ವೀಪಗಳ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. ಮೈಸೂರು ನಗರದ ಮೂರನೇ ಒಂದು ಭಾಗದಷ್ಟೂ ಇಲ್ಲ. ಜನವಸತಿಯಿರುವ ಹತ್ತು ದ್ವೀಪಗಳಲ್ಲಿ ಅತಿ ಚಿಕ್ಕದಾದ ಬಿತ್ರದ ನೆಲ ಸುಮಾರು 26 ಎಕರೆ ಮಾತ್ರ. ಈ ನೆಲಕ್ಕೆ ಯಾವ ನದಿಯೂ ಮೆಕ್ಕಲು ತಂದುಕೊಡುವುದಿಲ್ಲ. ಮುರಿದ ಹವಳದ ಚೂರು, ಚಿಪ್ಪು, ಸುಣ್ಣ ಕಟ್ಟುವ ಪಾಚಿಗಳ ತುಣುಕು, ಫೊರಾಮಿನಿಫೆರ ಎಂಬ ಸೂಕ್ಷ್ಮಜೀವಿಗಳ ಕವಚ, ಗಿಳಿಮೀನುಗಳು ಹವಳವನ್ನು ಕೆರೆದು ತಿಂದು ಹೊರಹಾಕುವ ಬಿಳಿಯ ಮರಳು, ಇವೆಲ್ಲವೂ ಅಲೆಯಿಂದ ಅಲೆಗೆ ಸಾಗಿ ಬಂದು ರಾಶಿಯಾಗಿ ದ್ವೀಪವಾಗಿದೆ. ಲಕ್ಷದ್ವೀಪದ ಹೆಚ್ಚಿನ ದ್ವೀಪಗಳು ದಿಬ್ಬದ ಪೂರ್ವದ ಅಂಚಿನಲ್ಲಿದ್ದು, ಪಶ್ಚಿಮಕ್ಕೆ ಲಗೂನು, ಅಂದರೆ ದಿಬ್ಬ ಸುತ್ತುವರಿದ ಶಾಂತವಾದ ನೀರು ಇರುತ್ತದೆ. ಮುಂಗಾರಿನ ಅಲೆ ಬಂದು ಬಡಿಯುವುದು ಈ ದಿಬ್ಬಕ್ಕೆ. ಜಗತ್ತಿನ ಹಲವು ಹವಳದ ದಿಬ್ಬಗಳ ಅಳತೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ದಿಬ್ಬಗಳು ಅಲೆಯ ಶಕ್ತಿಯನ್ನು ಸರಾಸರಿ ಶೇಕಡ 97ರಷ್ಟು ಕುಗ್ಗಿಸುತ್ತವೆ ಎಂದು ತೋರಿಸಿತು. ಬಂದರಿಗಾಗಿ ಹಡಗಿನ ದಾರಿ ಕೊರೆಯುವುದು ಇದೇ ದಿಬ್ಬವನ್ನು ಸೀಳಿ.

ನಮ್ಮ ಊರುಗಳಲ್ಲಿ ಕೆರೆಯ ಹೂಳೆತ್ತುವುದು ಪುಣ್ಯದ ಕೆಲಸ. ಬೇಸಗೆಯಲ್ಲಿ ಒಣಗಿದ ಅಂಗಳದಿಂದ ತೆಗೆದ ಗೋಡು ರೈತರ ಹೊಲ ಸೇರಿ ಬೆಳೆಗೆ ಸತ್ವವಾಗುತ್ತದೆ, ಕೆರೆಯಲ್ಲಿ ನೀರು ಹೆಚ್ಚು ನಿಲ್ಲುತ್ತದೆ. ಲಗೂನಿನಲ್ಲಿ ಅಗೆತ ನಡೆಯುವುದು ಜೀವ ತುಂಬಿದ ನೀರಿನ ನಡುವೆ, ಮತ್ತು ಅಲ್ಲಿ ತೆಗೆಯುವುದು ದ್ವೀಪ ನಿಂತಿರುವ ಸುಣ್ಣಗಲ್ಲಿನ ತಳವನ್ನು. ಹಲ್ಲುಗಳಿರುವ ತಿರುಗುವ ತಲೆಯನ್ನು ತಳಕ್ಕೆ ಇಳಿಸಿ, ಕಲ್ಲನ್ನು ಪುಡಿಮಾಡಿ, ನೀರಿನೊಡನೆ ಕೊಳವೆಯಲ್ಲಿ ಹೀರುವ ಡ್ರೆಡ್ಜರ್ ಕೆಲಸಕ್ಕಿಳಿದರೆ ಹಿಟ್ಟಿನಷ್ಟು ನುಣ್ಣನೆಯ ಸುಣ್ಣದ ಪುಡಿ ನೀರಿಗೆ ಸೇರುತ್ತದೆ. ಮರಳಾದರೆ ಬೇಗ ತಳ ಸೇರುತ್ತದೆ. ಈ ನುಣ್ಣನೆಯ ಪುಡಿ ದಿನಗಟ್ಟಲೆ ತೇಲಿ, ಒಮ್ಮೆ ತಳ ಕಂಡರೂ ಮುಂದಿನ ಜೋರು ಅಲೆಗೆ ಮತ್ತೆ ಏಳುತ್ತದೆ.

ಅದು ಹವಳದ ಮೇಲೆ ಬಿದ್ದಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ಕಾಣಬೇಕು. ಹವಳವೆಂಬುದು ಕಡಲೆಕಾಳಿಗಿಂತಲೂ ಚಿಕ್ಕದಾದ ಸಾವಿರಾರು ಜೀವಿಗಳ ಸಮೂಹ. ಅವುಗಳ ಮೈಯೊಳಗೆ ಏಕಕೋಶದ ಪಾಚಿಗಳು ವಾಸವಾಗಿದ್ದು, ಬಿಸಿಲಿನಿಂದ ಆಹಾರ ತಯಾರಿಸಿ ಅದರ ಬಹುಭಾಗವನ್ನು ಹವಳಕ್ಕೆ ಕೊಡುತ್ತವೆ. ನೀರು ಕದಡಿದರೆ ಮೊದಲು ಬೆಳಕು ಕಡಿಮೆಯಾಗಿ ಆಹಾರ ಕಡಿಮೆಯಾಗುತ್ತದೆ. ಜೊತೆಗೆ ಮೈಮೇಲೆ ಕೂತ ಪುಡಿಯನ್ನು ಕೊಡವಲು ಹವಳ ತನ್ನ ಸೂಕ್ಷ್ಮ ರೋಮಗಳನ್ನು ಆಡಿಸುತ್ತದೆ, ಲೋಳೆಯನ್ನು ಸುರಿಸಿ ಅದರಲ್ಲಿ ಪುಡಿಯನ್ನು ಹಿಡಿದು ಜಾರಿಸುತ್ತದೆ, ಕೆಲವು ಜಾತಿಗಳು ಮೈಯನ್ನು ನೀರಿನಿಂದ ಉಬ್ಬಿಸಿ ಪುಡಿಯನ್ನು ಕೆಳಕ್ಕೆ ತಳ್ಳುತ್ತವೆ. ಇದೆಲ್ಲಕ್ಕೂ ಶಕ್ತಿ ಬೇಕು. ಆಹಾರ ಕಡಿಮೆಯಾದ ಹೊತ್ತಿನಲ್ಲೇ ದುಡಿಮೆ ಹೆಚ್ಚುತ್ತದೆ. ಬಿದ್ದ ರಾಡಿಯಲ್ಲಿ ಕೊಳೆಯುವ ವಸ್ತುವೂ ಬೆರೆತಿದ್ದರೆ ಬ್ಯಾಕ್ಟೀರಿಯಾಗಳು ಅದರಡಿಯ ಆಮ್ಲಜನಕವನ್ನು ಮುಗಿಸಿಬಿಟ್ಟು, ಒಂದೆರಡು ದಿನಗಳಲ್ಲೇ ಆ ಜಾಗದ ಜೀವಕೋಶಗಳು ಸಾಯುತ್ತವೆ. ಕವಲೊಡೆದ ಹವಳ ವರ್ಷಕ್ಕೆ ಹತ್ತು ಸೆಂಟಿಮೀಟರ್ ಬೆಳೆದೀತು. ಗುಂಡುಕಲ್ಲಿನಂತಹ ಪೊರೈಟಿಸ್ ಜಾತಿಯದು ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಆಳೆತ್ತರದ ಅಂತಹ ಹವಳ ಸತ್ತರೆ ಅಷ್ಟೇ ದೊಡ್ಡದು ಮತ್ತೆ ಬೆಳೆಯಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕು.

ಈಗ ಅಂದಾಜಿನ ವಿಷಯಕ್ಕೆ ಬರುತ್ತೇನೆ. ಅನೇಕ ವರದಿಗಳು ಅಗೆಯುವ ಜಾಗದ ವಿಸ್ತೀರ್ಣವನ್ನು ಹೇಳಿ, ಅಲ್ಲಿನ ಹವಳವನ್ನು ಎಣಿಸಿ, ಹಾನಿಯ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸುತ್ತವೆ. ಅಗೆದ ಜಾಗ ಹೇಗೂ ಹೋಯಿತು. ಲೆಕ್ಕ ಬೇಕಾಗಿರುವುದು ರಾಡಿ ಎಲ್ಲಿಯವರೆಗೆ ಹೋಗಿ ಎಷ್ಟು ದಿನ ನಿಲ್ಲುತ್ತದೆ ಎಂಬುದಕ್ಕೆ. ಅಮೆರಿಕದ ಮಯಾಮಿ ಬಂದರನ್ನು 2013ರಿಂದ 2015ರವರೆಗೆ ಆಳಗೊಳಿಸಿದಾಗ ಮುಂಚಿನ ಅಂದಾಜು ಅಲ್ಪ ಹಾನಿಯನ್ನಷ್ಟೇ ನಿರೀಕ್ಷಿಸಿತ್ತು. ಕಾಲುವೆಯ ಅರ್ಧ ಕಿಲೋಮೀಟರ್ ಒಳಗೇ ಐದು ಲಕ್ಷಕ್ಕೂ ಹೆಚ್ಚು ಹವಳಗಳು ಸತ್ತಿರಬೇಕೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕಹಾಕಿತು. ಅದೇ ಅವಧಿಯಲ್ಲಿ ಫ್ಲಾರಿಡಾ ಕರಾವಳಿಯಲ್ಲಿ ಹವಳದ ರೋಗವೊಂದೂ ಹಬ್ಬಿದ್ದರಿಂದ, ಸಾವಿಗೆ ರೋಗ ಕಾರಣವೋ ಅಗೆತ ಕಾರಣವೋ ಎಂಬ ವಾಗ್ವಾದ ಬಹಳ ಕಾಲ ನಡೆಯಿತು. ಇಂತಹ ಗೊಂದಲವನ್ನು ತಪ್ಪಿಸಲೆಂದೇ ಅಗೆತದ ಪ್ರಭಾವಕ್ಕೆ ಸಿಗದ ದೂರದ ಜಾಗಗಳನ್ನೂ ಮೊದಲೇ ಆರಿಸಿಕೊಂಡು, ಎರಡೂ ಕಡೆ ಕೆಲಸಕ್ಕೆ ಮುಂಚೆಯೂ ಆಮೇಲೂ ಒಂದೇ ಕ್ರಮದಲ್ಲಿ ಅಳೆಯಬೇಕು. ರೋಗವಾದರೆ ಎರಡೂ ಕಡೆ ಕಾಣಿಸಿಕೊಳ್ಳುತ್ತದೆ. ರಾಡಿಯಾದರೆ ಹತ್ತಿರದಲ್ಲಿ ಹೆಚ್ಚು, ದೂರದಲ್ಲಿ ಕಡಿಮೆ.

ಇನ್ನೂ ಹಳೆಯ ಪಾಠ ಬರ್ಮುಡಾದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ, ಅಲ್ಲಿನ ಕಾಸಲ್ ಹಾರ್ಬರ್ ಎಂಬ ಕೊಲ್ಲಿಯನ್ನು ವಿಮಾನ ನಿಲ್ದಾಣಕ್ಕಾಗಿ ಅಗೆಯಲಾಯಿತು. ಹವಳದ ಅಸ್ಥಿಯಲ್ಲಿ ಮರದ ಕಾಂಡದಲ್ಲಿರುವಂತೆಯೇ ವರ್ಷದ ಪಟ್ಟೆಗಳು ಮೂಡುತ್ತವೆ. ಮೂರು ದಶಕಗಳ ಬಳಿಕ ಆ ಪಟ್ಟೆಗಳನ್ನು ಓದಿದ ವಿಜ್ಞಾನಿಗಳು, ಅಲ್ಲಿನ ಹವಳಗಳ ಬೆಳವಣಿಗೆ ಸಾವಿಗೆ ಮುನ್ನವೇ ಕುಂಠಿತವಾಗಿದ್ದುದನ್ನು ಕಂಡು 1977ರಲ್ಲಿ ವರದಿ ಮಾಡಿದರು. ಹಾಗಾಗಿ ಕೆಲಸ ಮುಗಿದ ಮರುದಿನ ಹವಳ ಬದುಕಿದೆ ಎಂದು ಬರೆದುಕೊಂಡು ಬಂದರೆ ಸಾಲದು.

ಮೂಲಸ್ಥಿತಿಯನ್ನು ಅಳೆಯುವುದರಲ್ಲಿಯೇ ನಮ್ಮವರು ಅವಸರ ಮಾಡುತ್ತಾರೆ. ಒಂದು ಋತುವಿನಲ್ಲಿ ಹೋಗಿ ಕೆಲವು ನೀರಿನ ಮಾದರಿ ತಂದರೆ ಅದು ಆ ಋತುವಿನ ಸ್ಥಿತಿ ಮಾತ್ರ. ಮುಂಗಾರಿನಲ್ಲಿ ಲಗೂನಿನ ಪ್ರವಾಹದ ದಿಕ್ಕು, ಕದಡು, ಮರಳಿನ ಚಲನೆ ಬೇರೆ, ಚಳಿಗಾಲದಲ್ಲಿ ಬೇರೆ. ಕನಿಷ್ಠ ಒಂದು ಪೂರ್ಣ ವರ್ಷ ನೀರಿನಡಿಯಲ್ಲಿ ಬೆಳಕನ್ನೂ ಕದಡನ್ನೂ ಪ್ರವಾಹವನ್ನೂ ದಾಖಲಿಸುವ ಉಪಕರಣಗಳು ಇರಲೇಬೇಕು. ಕದಡಿಲ್ಲದ ದಿಬ್ಬದ ನೀರಿನಲ್ಲಿ ತೇಲುವ ಕಣಗಳು ಸಾಮಾನ್ಯವಾಗಿ ಲೀಟರಿಗೆ ಹತ್ತು ಮಿಲಿಗ್ರಾಂಗಿಂತ ಕಡಿಮೆ ಎಂಬುದು ಹಳೆಯ ಮಾನದಂಡ. ಆದರೆ ಪ್ರತಿಯೊಂದು ಲಗೂನಿನ ಹವಳಗಳು ತಮ್ಮ ನೀರಿಗೆ ಒಗ್ಗಿಕೊಂಡಿರುವುದರಿಂದ ಮಿತಿಯನ್ನು ಅಲ್ಲಿಯೇ ಅಳೆದು ಗೊತ್ತುಮಾಡಬೇಕು, ಬೇರೆ ದೇಶದ ಪುಸ್ತಕದಿಂದ ಎತ್ತಿಕೊಳ್ಳಬಾರದು.

ಋತುವಿನ ಬಗ್ಗೆ ಇನ್ನೊಂದು ತೊಡಕಿದೆ, ಇದನ್ನು ಯಾರೂ ಸಾಕಷ್ಟು ಒತ್ತಿ ಹೇಳುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಮುಂಗಾರಿನಲ್ಲಿ ಅಗೆತ ಸಾಧ್ಯವಿಲ್ಲ, ಆದ್ದರಿಂದ ಕೆಲಸವೆಲ್ಲ ಅಕ್ಟೋಬರಿನಿಂದ ಮೇ ತಿಂಗಳೊಳಗೆ ಬೀಳುತ್ತದೆ; ಗುತ್ತಿಗೆದಾರ ಮಳೆ ಬರುವ ಮುನ್ನ ಮುಗಿಸುವ ಆತುರದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿರುಳು ದುಡಿಸುತ್ತಾನೆ. ಅರಬ್ಬಿ ಸಮುದ್ರದ ನೀರು ಅತಿ ಬೆಚ್ಚಗಾಗುವುದು ಅದೇ ತಿಂಗಳುಗಳಲ್ಲಿ. ಬೇಸಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿ ಕೆಲವು ವಾರ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ; ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. ಬಿಸಿಯಿಂದ ಬಳಲಿದ ಹವಳದ ಮೇಲೆ ರಾಡಿಯನ್ನೂ ಸುರಿಯುವ ವೇಳಾಪಟ್ಟಿಯನ್ನು ಒಪ್ಪಬಾರದು. ಹವಳಗಳು ಹುಣ್ಣಿಮೆಯ ಆಸುಪಾಸಿನ ಕೆಲವೇ ರಾತ್ರಿಗಳಲ್ಲಿ ಒಟ್ಟಾಗಿ ಅಂಡಾಣು, ವೀರ್ಯಾಣುಗಳನ್ನು ನೀರಿಗೆ ಬಿಡುತ್ತವೆ. ಮರಿಹವಳಕ್ಕೆ ಅಂಟಿಕೊಳ್ಳಲು ರಾಡಿಯಿಲ್ಲದ ಗಟ್ಟಿಯಾದ ಕಲ್ಲು ಬೇಕು. ಆ ರಾತ್ರಿಗಳು ಯಾವ ತಿಂಗಳಲ್ಲಿ ಬರುತ್ತವೆ ಎಂಬುದನ್ನು ಆಯಾ ದ್ವೀಪದಲ್ಲೇ ಗೊತ್ತುಮಾಡಿ, ಆಗ ಯಂತ್ರವನ್ನು ನಿಲ್ಲಿಸಬೇಕು.

ರಾಡಿ ಹರಡದಂತೆ ತೇಲುವ ಪರದೆ ಕಟ್ಟುತ್ತೇವೆ ಎಂಬ ಭರವಸೆ ವರದಿಗಳಲ್ಲಿ ತಪ್ಪದೆ ಇರುತ್ತದೆ. ಪ್ರವಾಹ ನಿಧಾನವಾಗಿ, ಅಲೆ ಇಲ್ಲದಿರುವಲ್ಲಿ ಪರದೆ ಕೆಲಸ ಮಾಡುತ್ತದೆ. ದಿಬ್ಬದ ಬಾಯಿಯಲ್ಲಿ, ಉಬ್ಬರವಿಳಿತದ ನೀರೆಲ್ಲ ಒಂದೇ ಕಿಂಡಿಯಲ್ಲಿ ನುಗ್ಗುವಲ್ಲಿ, ಅದು ಮಗುಚಿಕೊಳ್ಳುತ್ತದೆ ಇಲ್ಲವೇ ಕಿತ್ತುಹೋಗುತ್ತದೆ. ಹವಳವನ್ನು ಕಿತ್ತು ಬೇರೆಡೆ ನೆಡುತ್ತೇವೆ ಎಂಬ ಮಾತೂ ಹಾಗೆಯೇ. ಒಳ್ಳೆಯ ಕೈಗಳಿಂದ ನೆಟ್ಟ ಹವಳ ಬದುಕಬಹುದು. ಆದರೆ ಹವಳವಿಲ್ಲದ ಜಾಗದಲ್ಲಿ ಹವಳ ಏಕಿಲ್ಲ ಎಂಬುದಕ್ಕೆ ಸಾಮಾನ್ಯವಾಗಿ ಒಂದು ಕಾರಣವಿರುತ್ತದೆ, ಮತ್ತು ಸಾವಿರಾರು ವರ್ಷಗಳಲ್ಲಿ ಕಟ್ಟಿಕೊಂಡ ದಿಬ್ಬವನ್ನು ಯಾರೂ ಸ್ಥಳಾಂತರಿಸಲಾರರು.

ರಾಡಿ ಒಂದು ದಿನ ತಿಳಿಯಾದೀತು, ಕೊರೆದ ಕಾಲುವೆ ಮಾತ್ರ ಹಾಗೇ ಉಳಿಯುತ್ತದೆ. ಅದರ ಮೂಲಕ ದೊಡ್ಡ ಅಲೆ ಲಗೂನಿನೊಳಗೆ ಬರುತ್ತದೆ. ದಡದುದ್ದಕ್ಕೂ ಸಾಗುತ್ತಿದ್ದ ಮರಳು ಕಾಲುವೆಯ ಆಳಕ್ಕೆ ಜಾರಿ ಬೀಳುತ್ತದೆ. ಹವಳದ್ವೀಪದ ಮರಳ ದಡ ಮುಂಗಾರಿಗೊಂದು ಕಡೆ, ಹಿಂಗಾರಿಗೊಂದು ಕಡೆ ಸರಿಯುವುದು ಸಹಜ. ಅಡ್ಡಗೋಡೆಯೋ ಆಳದ ಕಾಲುವೆಯೋ ಅದನ್ನು ತಡೆದರೆ ಒಂದು ಪಕ್ಕ ಮರಳು ಗುಡ್ಡೆಯಾಗಿ, ಇನ್ನೊಂದು ಪಕ್ಕ ತೆಂಗಿನ ಬುಡ ಬಯಲಾಗುತ್ತದೆ. ಕುಡಿಯುವ ನೀರಿನ ವಿಚಾರವೂ ಇದಕ್ಕೆ ಸೇರಿದೆ. ದ್ವೀಪದಡಿಯ ಮಳೆನೀರು ಉಪ್ಪುನೀರಿನ ಮೇಲೆ ತೆಳುವಾದ ಮಸೂರದಂತೆ ತೇಲಿಕೊಂಡಿರುತ್ತದೆ. ಲೆಕ್ಕದ ಪ್ರಕಾರ ಸಮುದ್ರಮಟ್ಟದ ಮೇಲೆ ಒಂದು ಅಡಿ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿ ಇರಬಹುದು. ದಡ ಕೊಚ್ಚಿ ದ್ವೀಪ ಕಿರಿದಾದರೆ ಆ ಮಸೂರವೂ ಕುಗ್ಗಿ ಬಾವಿಗಳು ಉಪ್ಪಾಗುತ್ತವೆ. ಬಂದರಿನ ವರದಿಯಲ್ಲಿ ಬಾವಿಗಳ ಲವಣಾಂಶದ ಅಳತೆ ಇಲ್ಲದಿದ್ದರೆ ಆ ವರದಿಯನ್ನು ಹಿಂದಕ್ಕೆ ಕಳಿಸಬೇಕು.

ಜೀವನೋಪಾಯದ ಲೆಕ್ಕವೂ ಬೇಕು. ಮಿನಿಕಾಯ್ ಮತ್ತಿತರ ದ್ವೀಪಗಳ ಬೆಸ್ತರು ಗಾಳಕೋಲಿನಿಂದ ಸೂರೆಮೀನು, ಅಂದರೆ ಟ್ಯೂನಾ ಹಿಡಿಯುತ್ತಾರೆ. ಆಳ ಸಮುದ್ರಕ್ಕೆ ಹೊರಡುವ ಮುನ್ನ ಅವರು ಲಗೂನಿನಲ್ಲಿ ಹವಳದ ಸುತ್ತ ಓಡಾಡುವ ಪುಟ್ಟ ಮೀನುಗಳನ್ನು ಜೀವಂತ ಹಿಡಿದು ದೋಣಿಯ ನೀರಿನ ತೊಟ್ಟಿಯಲ್ಲಿ ಇಟ್ಟುಕೊಳ್ಳಬೇಕು. ಅವನ್ನು ಎರಚಿದರೆ ಮಾತ್ರ ಟ್ಯೂನಾ ಹಿಂಡು ದೋಣಿಯ ಬಳಿ ಬರುತ್ತದೆ. ಲಗೂನಿನ ಹವಳ ಸತ್ತರೆ ಈ ಎರೆಮೀನು ಇಲ್ಲ. ಎರೆಮೀನಿಲ್ಲದೆ ಬಲೆಯಿಲ್ಲದ ಆ ಮೀನುಗಾರಿಕೆ ನಡೆಯದು. ಬಂದರು ಕಟ್ಟಿದ್ದು ಆ ದೋಣಿಗಳ ಅನುಕೂಲಕ್ಕೂ ಹೌದಲ್ಲವೇ?

ಕಾನೂನಿನ ಕಡೆಯಿಂದ ನೋಡಿದರೆ, ಪರಿಸರ ಪರಿಣಾಮ ಮೌಲ್ಯಮಾಪನದ 2006ರ ಅಧಿಸೂಚನೆ ವರ್ಷಕ್ಕೆ 50 ಲಕ್ಷ ಟನ್ ಮತ್ತು ಅದಕ್ಕೂ ಹೆಚ್ಚು ಸರಕು ಸಾಗಿಸುವ ಬಂದರುಗಳನ್ನು ಕೇಂದ್ರ ಮಟ್ಟದಲ್ಲಿ ಪರಿಶೀಲಿಸುವ ‘ಎ’ ವರ್ಗದಲ್ಲಿಟ್ಟು, ಚಿಕ್ಕವನ್ನು ಸಾಮಾನ್ಯವಾಗಿ ರಾಜ್ಯ ಮಟ್ಟದಲ್ಲಿ ಪರಿಶೀಲಿಸುವ ‘ಬಿ’ ವರ್ಗಕ್ಕೆ ಹಾಕಿದೆ. 26 ಎಕರೆಯ ದ್ವೀಪಕ್ಕೆ ಟನ್ನಿನ ಅಳತೆಗೋಲು ಹೊಂದುವುದಿಲ್ಲ. ಅಲ್ಲಿ ನೂರಿನ್ನೂರು ಮೀಟರಿನ ಕಾಲುವೆಯೂ ದೊಡ್ಡ ಯೋಜನೆಯೇ. ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹುಲಿಯೊಂದಿಗೇ ಇವೆ ಎಂಬುದನ್ನೂ ಅಂದಾಜು ಮಾಡುವವರು ನೆನಪಿಡಬೇಕು.

ಕೆಲಸ ನಿಲ್ಲಿಸುವ ಅಧಿಕಾರದ ವಿಚಾರದಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕ್ರಮ ಅನುಸರಿಸಲು ಯೋಗ್ಯವಾಗಿದೆ. ಅಲ್ಲಿ ಅಗೆತಕ್ಕೆ ಮುಂಚೆಯೇ ನಕ್ಷೆಯ ಮೇಲೆ ಮೂರು ವಲಯ ಗುರುತಿಸುತ್ತಾರೆ: ಹವಳ ಮರಳಿ ಬಾರದಂತೆ ಹೋಗುವುದು, ಹಾನಿಯಾದರೂ ಕೆಲವು ವರ್ಷಗಳಲ್ಲಿ ಚೇತರಿಸಿಕೊಳ್ಳುವುದು, ನೀರು ಕದಡಿದರೂ ಜೀವಕ್ಕೆ ಅಪಾಯವಾಗದಿರುವುದು. ವಲಯದ ಗಡಿಯಲ್ಲಿ ದಿನವೂ ಅಳತೆ ನಡೆದು, ಮೊದಲೇ ಬರೆದಿಟ್ಟ ಮಿತಿ ಮೀರಿದರೆ ಡ್ರೆಡ್ಜರ್ ನಿಧಾನಗೊಳ್ಳಬೇಕು, ಜಾಗ ಬದಲಿಸಬೇಕು ಇಲ್ಲವೇ ನಿಲ್ಲಬೇಕು. ನಮ್ಮಲ್ಲಿ ಇದನ್ನು ತರುವುದಾದರೆ ಅಳೆಯುವವರು ಗುತ್ತಿಗೆದಾರನಿಂದ ಸಂಬಳ ಪಡೆಯುವವರಾಗಿರಬಾರದು, ಅಂದಂದಿನ ಅಂಕಿಗಳು ದ್ವೀಪದ ಪಂಚಾಯಿತಿಯ ಫಲಕದಲ್ಲಿ ಅಲ್ಲಿನ ಜನ ಓದುವ ಭಾಷೆಯಲ್ಲಿ ಕಾಣಬೇಕು, ಯಂತ್ರ ನಿಂತ ದಿನಗಳ ಖರ್ಚನ್ನು ಟೆಂಡರಿನಲ್ಲೇ ಸೇರಿಸಿರಬೇಕು. ಕೊನೆಯದನ್ನು ಸೇರಿಸದಿದ್ದರೆ ಯಂತ್ರವನ್ನು ನಿಲ್ಲಿಸುವ ಧೈರ್ಯ ಯಾವ ಅಧಿಕಾರಿಗೂ ಬರುವುದಿಲ್ಲ.

ಕಾಲುವೆಗೆ ಮರಳು ಮತ್ತೆ ಬಂದು ತುಂಬುತ್ತದೆ, ಕೆಲವು ವರ್ಷಗಳಿಗೊಮ್ಮೆ ಮತ್ತೆ ಅಗೆಯಬೇಕಾಗುತ್ತದೆ. ಇಂತಹ ನಿರ್ವಹಣಾ ಅಗೆತ ಮೂಲ ಯೋಜನೆಯಲ್ಲಿಯೇ ಸೇರಿದ್ದು ಅದಕ್ಕೆ ಅನುಮತಿ ದೊರೆತಿದ್ದರೆ ಮತ್ತೆ ಅನುಮತಿ ಬೇಕಿಲ್ಲವೆಂದು ನಿಯಮವೇ ಹೇಳುತ್ತದೆ. ಹೀಗಾಗಿ ಮೊದಲ ವರದಿಯಲ್ಲಿಯೇ ಮುಂದಿನ ಇಪ್ಪತ್ತು, ಮೂವತ್ತು ವರ್ಷಗಳಲ್ಲಿ ಎಷ್ಟು ಸಲ ಅಗೆಯಬೇಕಾದೀತು, ತೆಗೆದ ಮರಳನ್ನು ಎಲ್ಲಿ ಹಾಕಲಾಗುತ್ತದೆ, ಪ್ರತಿ ಸಲವೂ ಅಳತೆ ಮಾಡುವವರು ಯಾರು, ಅದಕ್ಕೆ ಹಣ ಎಲ್ಲಿಂದ ಎಂಬುದು ಬರೆದಿರಬೇಕು. ಸಾರ್ವಜನಿಕ ಅಹವಾಲು ಸಭೆಯಲ್ಲಿ ದ್ವೀಪದ ಜನ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ನಮಸ್ಕಾರ.