ಖಾಲಿ ತೂತಿನ ಲೆಕ್ಕವೂ ನಮಗೆ ಬೇಕು

ನಮಸ್ಕಾರ. ಇವತ್ತು ಒಂದು ಕಲ್ಲಿನಿಂದ ಮಾತು ಶುರು ಮಾಡುತ್ತೇನೆ. ಮಣಿಕಟ್ಟಿನಷ್ಟು ದಪ್ಪ, ದುಂಡಗೆ, ಉದ್ದಕ್ಕೆ ಕೋಲಿನ ಹಾಗೆ ಇರುವ ಕಲ್ಲು. ವಜ್ರದ ಹರಳು ಕೂರಿಸಿದ ಬಿಟ್ ಬಂಡೆಯನ್ನು ಬಳೆಯಾಕಾರದಲ್ಲಿ ಕೊರೆಯುತ್ತಾ ಇಳಿದಾಗ ನಡುವೆ ಉಳಿಯುವ ದಿಂಡು ಇದು. ಗಣಿಯವರು ಇದನ್ನು ಕೋರ್ ಅನ್ನುತ್ತಾರೆ. ಮೇಲೆ ತಂದ ಕೋರ್ ತುಂಡುಗಳನ್ನು ಟ್ರೇಗಳಲ್ಲಿ ಸಾಲಾಗಿ ಜೋಡಿಸುತ್ತಾರೆ, ಎಷ್ಟು ಮೀಟರ್ ಆಳದಿಂದ ಬಂತು ಅಂತ ನಡುನಡುವೆ ಗುರುತು ಇಡುತ್ತಾರೆ, ಆಮೇಲೆ ಗರಗಸ ಹಿಡಿದು ಉದ್ದಕ್ಕೆ ಎರಡು ಸೀಳು ಮಾಡುತ್ತಾರೆ. ಒಂದು ಸೀಳು ಲ್ಯಾಬಿಗೆ ಹೋಗುತ್ತದೆ. ಇನ್ನೊಂದು ಟ್ರೇಯಲ್ಲೇ ಉಳಿಯುತ್ತದೆ. ನನ್ನ ತಕರಾರು, ನನ್ನ ಆಸೆ ಎರಡೂ ಆ ಉಳಿದ ಸೀಳಿನ ಬಗ್ಗೆ.

ಹಲವು ಸರ್ಕಾರಗಳು ಗಣಿ ಕಂಪನಿಗಳಿಗೆ ಖನಿಜ ಹುಡುಕಲು ಅನುದಾನ ಕೊಡುತ್ತವೆ. ನಮ್ಮ ನಿಮ್ಮಂಥವರು ಕಟ್ಟಿದ ತೆರಿಗೆ ದುಡ್ಡು. ಇದನ್ನು ಮೊದಲು ಕೇಳಿದಾಗ ನನಗೆ ಸಿಟ್ಟೇ ಬಂದಿತ್ತು. ಲಾಭ ಬಂದರೆ ಅವರಿಗೆ, ನಷ್ಟವಾದರೆ ನಮಗಾ? ಆ ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಹುಡುಕಾಟ ನಿಜಕ್ಕೂ ಹೇಗೆ ನಡೆಯುತ್ತದೆ ಅಂತ ಓದುತ್ತಾ ಹೋದಂತೆ, ಅನುದಾನವೇ ತಪ್ಪು ಅನ್ನುವ ಮಾತನ್ನು ನಾನು ಬಿಟ್ಟೆ. ಈಗ ಕೇಳುವುದು ಬೇರೆ ಪ್ರಶ್ನೆ: ದುಡ್ಡು ಕೊಟ್ಟ ನಮಗೆ ವಾಪಸ್ ಏನು ಸಿಗುತ್ತದೆ?

ಹುಡುಕಾಟ ಮಾಡುವವರಲ್ಲಿ ಬಹಳಷ್ಟು ಮಂದಿ ದೊಡ್ಡ ಕುಳಗಳಲ್ಲ. ಜೂನಿಯರ್ ಕಂಪನಿಗಳು ಅಂತಾರೆ. ಒಂದಿಷ್ಟು ಜನ ಭೂವಿಜ್ಞಾನಿಗಳು, ಒಂದು ಲೈಸೆನ್ಸು, ಒಂದು ನಕ್ಷೆ. ಆದಾಯ ಸೊನ್ನೆ. ಬ್ಯಾಂಕ್ ಸಾಲ ಕೊಡುವುದಿಲ್ಲ, ಯಾಕೆಂದರೆ ಅಡವಿಡಲು ಏನೂ ಇಲ್ಲ. ಷೇರು ಮಾರಿ ದುಡ್ಡು ಎತ್ತಬೇಕು. ಲೋಹದ ಬೆಲೆ ಬಿದ್ದರೆ ಆ ಷೇರು ಕೇಳುವವರೇ ಇರುವುದಿಲ್ಲ, ಕೊರೆಯುವ ಯಂತ್ರ ಸುಮ್ನೆ ನಿಲ್ಲುತ್ತದೆ. ಕೊರೆದರೂ ಹೆಚ್ಚಿನ ತೂತುಗಳು ಖಾಲಿಯೇ ಬರುತ್ತವೆ. ಬೋರ್‌ವೆಲ್ ಕೊರೆಸಿದವರಿಗೆ ಆ ಎದೆಬಡಿತ ಗೊತ್ತಿರುತ್ತದೆ, ಪ್ರತಿ ಮೀಟರಿಗೂ ಬಿಲ್ ಏರುತ್ತಿರುತ್ತದೆ, ಮೇಲೆ ಬರುವುದು ಬರೀ ಧೂಳು.

ದಕ್ಷಿಣ ಆಸ್ಟ್ರೇಲಿಯಾ ರಾಜ್ಯವನ್ನೇ ನೋಡಿ. ಅಲ್ಲಿ ಬಹಳಷ್ಟು ಕಡೆ ಬಂಡೆ ಕಣ್ಣಿಗೆ ಕಾಣುವುದಿಲ್ಲ. ಅದಿರು ಇರಬಹುದಾದ ಹಳೆಯ ಬಂಡೆಯ ಮೇಲೆ ನೂರಾರು ಮೀಟರ್ ದಪ್ಪಕ್ಕೆ ಬೇರೆ ಪದರಗಳು ಕೂತಿವೆ. 1975ರಲ್ಲಿ ವೆಸ್ಟರ್ನ್ ಮೈನಿಂಗ್ ಕಂಪನಿ ಒಲಿಂಪಿಕ್ ಡ್ಯಾಮ್ ಎಂಬ ಜಾಗದ ಹತ್ತಿರ ಮೊದಲ ತೂತು ಕೊರೆದಾಗ ಸುಮಾರು 350 ಮೀಟರ್ ಕೆಳಗೆ ತಾಮ್ರ ಕಂಡಿತು. ಖುಷಿಪಟ್ಟರು. ಆಮೇಲಿನ ಹಲವು ತೂತುಗಳು ನಿರಾಸೆ ತಂದವು. ಬಿಟ್ಟು ಹೋಗಬಹುದಿತ್ತು. 10ನೆಯ ತೂತಿನಲ್ಲಿ ಸುಮಾರು 170 ಮೀಟರ್ ಉದ್ದಕ್ಕೂ ಶೇ 2ಕ್ಕಿಂತ ಜಾಸ್ತಿ ತಾಮ್ರ ಬಂತು, ಅದು ಜಗತ್ತಿನ ದೊಡ್ಡ ನಿಕ್ಷೇಪಗಳಲ್ಲಿ ಒಂದಾಯಿತು. ಅವರು ಅಲ್ಲೇ ಯಾಕೆ ಕೊರೆದರು ಗೊತ್ತಾ? ನೆಲದಡಿಯ ಗುರುತ್ವ, ಕಾಂತಶಕ್ತಿ ಎರಡೂ ಅಲ್ಲಿ ವಿಚಿತ್ರವಾಗಿವೆ ಅಂತ ಸರ್ಕಾರಿ ಸರ್ವೆಯ ನಕ್ಷೆಗಳು ತೋರಿಸಿದ್ದವು. ಸರ್ಕಾರದ ದುಡ್ಡಿನಲ್ಲಿ ಅಳೆದ, ಯಾರು ಬೇಕಾದರೂ ನೋಡಬಹುದಾದ ನಕ್ಷೆಗಳು. ಈ ಒಂದು ಸಂಗತಿ ನನ್ನ ಅಭಿಪ್ರಾಯ ಬದಲಾಯಿಸಿತು ಅಂದರೂ ತಪ್ಪಿಲ್ಲ.

2004ರಲ್ಲಿ ಅದೇ ರಾಜ್ಯ ಪೇಸ್ ಅನ್ನುವ ಯೋಜನೆ ತಂದಿತು. ಆಯ್ಕೆಯಾದ ಕೊರೆತಕ್ಕೆ ಅರ್ಧದವರೆಗೂ ಖರ್ಚು ಸರ್ಕಾರ ಕೊಡುತ್ತಿತ್ತು, ಉಳಿದದ್ದು ಕಂಪನಿಯದ್ದು. ಮರುವರ್ಷವೇ ರೂಡಿ ಗೋಮೆಜ್ ಅವರ ಆರ್‌ಎಂಜಿ ಸರ್ವಿಸಸ್ ಅನ್ನುವ ಸಣ್ಣ ಕಂಪನಿ ಆ ನೆರವಿನಿಂದ ಕೊರೆದು ಕ್ಯಾರಪಟೀನಾ ಎಂಬಲ್ಲಿ ತಾಮ್ರ, ಚಿನ್ನ ಕಂಡುಹಿಡಿಯಿತು. ಅದಿರು ಶುರುವಾಗುವುದೇ ಸುಮಾರು 470 ಮೀಟರ್ ಆಳದಲ್ಲಿ. 2011ರಲ್ಲಿ ಓಝ್ ಮಿನರಲ್ಸ್ ಅನ್ನುವ ಗಣಿ ಕಂಪನಿ ಅದನ್ನು 25 ಕೋಟಿ ಅಮೆರಿಕನ್ ಡಾಲರ್ ಮುಂಗಡ ಕೊಟ್ಟು ಕೊಂಡಿತು. ಗಣಿಯಿಂದ ಉತ್ಪಾದನೆ ಶುರುವಾಗಿದ್ದು 2019ರ ಕೊನೆಗೆ. 14 ವರ್ಷ! ಇಷ್ಟು ಕಾಯುವ ತಾಳ್ಮೆ ಷೇರು ಮಾರುಕಟ್ಟೆಗೆ ಇರುವುದಿಲ್ಲ ಅಲ್ವಾ?

ಇಲ್ಲಿ ಒಬ್ಬರು ಎದ್ದು ಕೇಳಬಹುದು, ಅನುದಾನ ಇಲ್ಲದಿದ್ದರೂ ಅವರು ಕೊರೆಯುತ್ತಿರಲಿಲ್ಲವಾ ಅಂತ. ಒಳ್ಳೆಯ ಪ್ರಶ್ನೆ. ಈಗಾಗಲೇ ಗಣಿ ನಡೆಸುತ್ತಿರುವ ದೊಡ್ಡ ಕಂಪನಿ ತನ್ನ ಬೇಲಿ ಪಕ್ಕದಲ್ಲೇ ಇನ್ನೊಂದು ತೂತು ಕೊರೆಯಲು ನನ್ನ ದುಡ್ಡು ಕೇಳಿದರೆ ಒಂದು ಪೈಸೆಯೂ ಕೊಡಬಾರದು, ಅದು ಅವರು ಹೇಗಿದ್ದರೂ ಮಾಡುವ ಕೆಲಸ. ಯಾರೂ ಕೊರೆಯದ ಜಾಗಕ್ಕೆ, ಹೊಸ ಊಹೆಗೆ ಕೊಡಲಿ. ಮತ್ತೆ ಅಂಥ ಜಾಗ ದೊಡ್ಡ ಮೊತ್ತಕ್ಕೆ ಮಾರಾಟವಾದ ದಿನ ಕೊಟ್ಟ ಅನುದಾನವಾದರೂ ಖಜಾನೆಗೆ ಮರಳಬೇಕು. ಮುಂದೆ ರಾಜಧನ ಬರುತ್ತದಲ್ಲ ಅನ್ನುತ್ತಾರೆ. ರಾಜಧನ ನೆಲದಿಂದ ತೆಗೆದ ಅದಿರಿಗೆ ಕಟ್ಟುವ ಬೆಲೆ. ಅದನ್ನು ಅನುದಾನದ ಲೆಕ್ಕಕ್ಕೆ ಸೇರಿಸಬೇಡಿ.

ಕೆನಡಾ ಬೇರೆ ದಾರಿ ಹಿಡಿದಿದೆ. ಅಲ್ಲಿ ಕಂಪನಿ ತನ್ನ ಹುಡುಕಾಟದ ಖರ್ಚನ್ನು ಷೇರುದಾರರ ಹೆಸರಿಗೆ ದಾಟಿಸುತ್ತದೆ, ಷೇರುದಾರರು ಅದನ್ನು ತೆರಿಗೆ ಲೆಕ್ಕ ಹಾಕುವಾಗ ತಮ್ಮ ಆದಾಯದಿಂದ ಕಳೆಯುತ್ತಾರೆ. 2022ರಿಂದ ಕೆಲವು ಮುಖ್ಯ ಖನಿಜಗಳಿಗೆ ಇದರ ಮೇಲೆ ಶೇ 30ರ ತೆರಿಗೆ ರಿಯಾಯಿತಿಯೂ ಇದೆ. ದುಡ್ಡು ಬೇಗ ಹರಿಯುತ್ತದೆ, ಒಪ್ಪುತ್ತೇನೆ. ಆದರೂ ನನಗೆ ನೇರ ಅನುದಾನವೇ ಇಷ್ಟ. ನನ್ನ ದುಡ್ಡು ಯಾವ ತೂತಿಗೆ ಹೋಯಿತು ಅಂತ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಹುದು.

ಈಗ ಆ ಟ್ರೇಗೆ ಬರೋಣ. ಕಂಪನಿಗಳು ಸಿಕ್ಕಿದ್ದನ್ನು ಊರಿಗೆಲ್ಲ ಸಾರುತ್ತವೆ. ಸಿಗದಿದ್ದನ್ನು ಯಾರೂ ಸಾರುವುದಿಲ್ಲ. ಕಂಪನಿ ಮುಚ್ಚಿತು ಅಂದುಕೊಳ್ಳಿ, ಅದರ ಕೋರ್, ಅದರ ವರದಿ, ಅದು ಕಲಿತದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ಹತ್ತು ವರ್ಷ ಬಿಟ್ಟು ಇನ್ನೊಬ್ಬರು ಬಂದು ಅದೇ ಜಾಗದಲ್ಲಿ ಅದೇ ಖಾಲಿ ತೂತು ಕೊರೆಯುತ್ತಾರೆ, ಮತ್ತೆ ಅನುದಾನ ಪಡೆದು. ಇದಕ್ಕಿಂತ ಹೊಟ್ಟೆ ಉರಿಸುವ ವಿಷಯ ನನಗೆ ಬೇರೆ ಇಲ್ಲ. ಖಾಲಿ ತೂತು ಅಂದರೆ ಅಲ್ಲಿ ಏನೂ ಕಲಿಯಲಿಲ್ಲ ಅಂತಲ್ಲ. ಯಾವ ಪದರ ಎಷ್ಟು ಆಳದಲ್ಲಿದೆ, ಬಂಡೆ ಎಲ್ಲಿ ಬಿರುಕು ಬಿಟ್ಟಿದೆ, ನೀರು ಎಲ್ಲಿದೆ, ಎಲ್ಲವೂ ಆ ಕೋರ್‌ನಲ್ಲಿ ಬರೆದಿದೆ.

ಅಡಿಲೇಡ್‌ನ ಟಾನ್ಸ್ಲಿಯಲ್ಲಿ ದಕ್ಷಿಣ ಆಸ್ಟ್ರೇಲಿಯಾದವರು ಕೋರ್‌ಗಳಿಗೇ ಒಂದು ಗ್ರಂಥಾಲಯ ಕಟ್ಟಿದ್ದಾರೆ. ನೂರಕ್ಕೂ ಹೆಚ್ಚು ವರ್ಷಗಳ ಕೊರೆತದ ಲಕ್ಷಾಂತರ ಮೀಟರ್ ಕಲ್ಲು ಅಲ್ಲಿ ರ‍್ಯಾಕ್‌ಗಳಲ್ಲಿ ಕೂತಿದೆ. ಬೇಕಾದ ಟ್ರೇ ಕೇಳಿ ತೆಗೆಸಿ ನೋಡಬಹುದು. ಪಶ್ಚಿಮ ಆಸ್ಟ್ರೇಲಿಯಾದಲ್ಲೂ 2009ರಿಂದ ಅರ್ಧ ಖರ್ಚಿನ ಕೊರೆತ ಯೋಜನೆ ಇದೆ, ಪರ್ತ್ ಮತ್ತು ಕಾಲ್ಗೂರ್ಲಿಯಲ್ಲಿ ಅವರ ಕೋರ್ ಗ್ರಂಥಾಲಯಗಳಿವೆ.

ಉಳಿದ ಸೀಳು ಇನ್ನೊಂದಕ್ಕೂ ಬೇಕು. 1990ರ ದಶಕದಲ್ಲಿ ಬ್ರೀ-ಎಕ್ಸ್ ಅನ್ನುವ ಕೆನಡಾದ ಕಂಪನಿ ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಭಾರಿ ಚಿನ್ನ ಸಿಕ್ಕಿದೆ ಅಂತ ಹೇಳಿ ಷೇರು ಬೆಲೆ ಆಕಾಶಕ್ಕೇರಿಸಿತು. ಮಾದರಿಗಳಿಗೆ ಹೊರಗಿನಿಂದ ಚಿನ್ನ ಬೆರೆಸಿದ್ದರು. 1997ರಲ್ಲಿ ಬಯಲಾಯಿತು, ಸಾಮಾನ್ಯ ಜನರ ಉಳಿತಾಯ ಮಣ್ಣುಪಾಲಾಯಿತು. ಅಲ್ಲಿ ಬಹುಪಾಲು ಕೋರನ್ನು ಸೀಳದೆ ಇಡಿಯಾಗಿ ಪುಡಿ ಮಾಡಿದ್ದರು. ಮತ್ತೆ ಪರೀಕ್ಷೆ ಮಾಡೋಣ ಅಂದರೆ ಕಲ್ಲೇ ಇರಲಿಲ್ಲ.

ನೆಲದ ಮೇಲೆ ಇರುವ ಜನರನ್ನೂ ಮರೆಯಬೇಡಿ. ಕ್ಯಾರಪಟೀನಾ ಇರುವುದು ಕೊಕಾಥಾ ಎಂಬ ಮೂಲನಿವಾಸಿ ಜನರ ನೆಲದಲ್ಲಿ. ಅನುದಾನದ ಅರ್ಜಿ ಹಾಕುವ ಮೊದಲೇ ಅಂಥವರ ಜೊತೆ ಮಾತಾಡಿ ಒಪ್ಪಿಗೆ ಪಡೆದಿರಬೇಕು. ಯಂತ್ರ ಬಂದು ನಿಂತ ಮೇಲೆ ಕೇಳುವುದು ಕೇಳಿದ ಹಾಗಲ್ಲ.

ಕಂಪನಿಗೂ ಸ್ವಲ್ಪ ಸಮಯ ಬೇಕು, ನಿಜ. ಕೊರೆದ ಮಾರನೇ ದಿನವೇ ಎಲ್ಲ ಹೊರಗೆ ಹಾಕಿದರೆ ಪಕ್ಕದ ಲೈಸೆನ್ಸ್ ಬೇರೆಯವರು ಬಾಚಿಕೊಳ್ಳುತ್ತಾರೆ. ನನ್ನ ಪ್ರಕಾರ ಆರು ತಿಂಗಳು ಸಾಕು, ಹೆಚ್ಚೆಂದರೆ ಒಂದು ವರ್ಷ. ಆಮೇಲೆ ವರದಿ ಎಲ್ಲರಿಗೂ ಸಿಗಬೇಕು, ಟ್ರೇ ಸರ್ಕಾರದ ಗೋದಾಮಿಗೆ ಬರಬೇಕು, ಒಳಗೆ ಅದಿರು ಇರಲಿ ಇಲ್ಲದಿರಲಿ. ಅನುದಾನದ ಕೊನೆಯ ಕಂತನ್ನು ಆ ಟ್ರೇ ಬಂದು ಮುಟ್ಟುವ ತನಕ ಬಿಡುಗಡೆ ಮಾಡಬೇಡಿ.