ಸೆನ್ಸರ್ ಮಲಗಿದರೂ ಮಲಗದ ರೆಗ್ಯುಲೇಟರ್

ಕೇಳುಗರೆಲ್ಲರಿಗೂ ನಮಸ್ಕಾರ. ಪೆನ್ನು, ಕಾಗದ ಹತ್ತಿರದಲ್ಲಿದ್ದರೆ ತೆಗೆದುಕೊಳ್ಳಿ. ಇವತ್ತು ಒಂದಿಷ್ಟು ಲೆಕ್ಕ ಮಾಡೋಣ.

ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್ ಒಂದನ್ನು ನೆಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಅಲ್ಲಿಗೆ ಕರೆಂಟಿನ ವೈರು ಎಳೆಯುವ ಹಾಗಿಲ್ಲ. 18650 ಅನ್ನುವ ಲಿಥಿಯಂ ಅಯಾನ್ ಸೆಲ್ ಒಂದೇ ಗತಿ. ಒಳಗಿರುವ ಚಿಪ್ ಇಎಸ್‌ಪಿ 32. ಅದು ಕಾಲು ಗಂಟೆಗೊಮ್ಮೆ ಎದ್ದು, ಅಳೆದು, ವೈಫೈನಲ್ಲಿ ಮನೆಗೆ ಸುದ್ದಿ ಮುಟ್ಟಿಸಿ, ಮತ್ತೆ ಮಲಗುತ್ತದೆ. ತಿಂಗಳುಗಟ್ಟಲೆ ನಡೆಯುತ್ತೆ ಅಂದುಕೊಂಡಿದ್ದು ಮೂರು ವಾರ ತುಂಬುವ ಮೊದಲೇ ನಿಂತುಬಿಡುತ್ತದೆ. ಆಗ ಹೆಚ್ಚಿನವರು ಸೆಲ್ ಕಳಪೆ ಅಂತ ಬೈಯುತ್ತಾರೆ. ನಾನಾದರೆ ಮೊದಲು ನೋಡುವುದು ವೋಲ್ಟೇಜ್ ರೆಗ್ಯುಲೇಟರನ್ನು.

ಪೂರ್ತಿ ಚಾರ್ಜ್ ಆದ ಸೆಲ್ಲಿನಲ್ಲಿ 4.2 ವೋಲ್ಟ್ ಇರುತ್ತದೆ. ಖಾಲಿಯಾಗುವ ಹೊತ್ತಿಗೆ 3 ವೋಲ್ಟಿಗೆ ಇಳಿದಿರುತ್ತದೆ. ಚಿಪ್ಪಿಗೆ ಬೇಕಾದ್ದು 3.3 ವೋಲ್ಟ್. 3.6 ದಾಟಿದರೆ ಅದು ತಡೆಯುವುದಿಲ್ಲ. ಹಾಗಾಗಿ ನಡುವೆ ವೋಲ್ಟೇಜನ್ನು ಇಳಿಸಿ ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರ್ ಒಂದನ್ನು ಕೂರಿಸುತ್ತೇವೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ 3.3 ವೋಲ್ಟಿನ ರೆಗ್ಯುಲೇಟರ್ ಕೊಡಿ ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಎಎಂಎಸ್ 1117. ರೆಡಿಮೇಡ್ ಬೋರ್ಡುಗಳಲ್ಲೂ ಎಷ್ಟೋ ಸಲ ಅದೇ ಇರುತ್ತದೆ. ಗೋಡೆಯ ಅಡಾಪ್ಟರಿಗೆ ಒಳ್ಳೆಯ ಭಾಗ, ಆ ಮಾತು ಬೇರೆ. ಆದರೆ ಅದರ ಡೇಟಾಶೀಟ್, ಅಂದರೆ ತಯಾರಕರ ವಿವರಪಟ್ಟಿ ತೆರೆದು ಕ್ವಯೆಸೆಂಟ್ ಕರೆಂಟ್ ಅನ್ನುವ ಸಾಲು ಓದಿ. ಅಂದರೆ ರೆಗ್ಯುಲೇಟರ್ ತನ್ನ ಪಾಡಿಗೆ ತಾನು ತಿನ್ನುವ ಕರೆಂಟು. ಅಲ್ಲಿರುವುದು ಸುಮಾರು 5 ಮಿಲಿ ಆಂಪಿಯರ್.

ಐದು ತಾನೇ ಅನ್ನಿಸಬಹುದು. ಬರೆದುಕೊಳ್ಳಿ. ನಮ್ಮ ಸೆನ್ಸರ್ ಪ್ರತಿ ಸಲ 3 ಸೆಕೆಂಡ್ ಎಚ್ಚರ ಇರುತ್ತದೆ, ಆಗ ಸರಾಸರಿ 100 ಮಿಲಿ ಆಂಪಿಯರ್ ಎಳೆಯುತ್ತದೆ ಅಂತ ಹಿಡಿಯೋಣ. ದಿನಕ್ಕೆ 96 ಸಲ. ಒಟ್ಟು 8 ಮಿಲಿ ಆಂಪಿಯರ್ ಅವರ್, ಅಂದರೆ ಮಿಲಿ ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ. ಮಲಗಿದ್ದಾಗ ಇಎಸ್‌ಪಿ 32 ಎಳೆಯುವುದು 10 ಮೈಕ್ರೋ ಆಂಪಿಯರ್ ಮಾತ್ರ; ಸಾವಿರ ಮೈಕ್ರೋ ಸೇರಿದರೆ ಒಂದು ಮಿಲಿ. ಅದು ದಿನಕ್ಕೆ ಕಾಲು ಮಿಲಿ ಆಂಪಿಯರ್ ಅವರ್ ಕೂಡ ಆಗುವುದಿಲ್ಲ. ಇನ್ನು ರೆಗ್ಯುಲೇಟರ್ ತಿನ್ನುವುದು 5 ಗುಣಿಸು 24, ಅಂದರೆ 120! ಕೆಲಸ ಮಾಡುವ ಚಿಪ್ಪಿಗೆ 8, ಕಾಯುತ್ತಾ ಕೂತ ರೆಗ್ಯುಲೇಟರಿಗೆ 120. ಸೆಲ್ 2500 ಮಿಲಿ ಆಂಪಿಯರ್ ಅವರಿನದಾದರೆ 20 ದಿನವೂ ಬರುವುದಿಲ್ಲ. ಒಂದೆರಡು ಮೈಕ್ರೋ ಆಂಪಿಯರ್ ತಿನ್ನುವ ರೆಗ್ಯುಲೇಟರ್ ಹಾಕಿದರೆ ಇದೇ ಸೆಲ್ ಲೆಕ್ಕದ ಪ್ರಕಾರ 300 ದಿನ ಬರಬೇಕು. ಸೆಲ್ ತಾನಾಗೇ ಇಳಿಯುವುದು, ಬಿಸಿಲು, ಮಳೆ ಎಲ್ಲ ಸೇರಿ ಸ್ವಲ್ಪ ಕಡಿಮೆಯಾದೀತು. ಆದರೂ ಎಷ್ಟು ಅಂತರ ನೋಡಿ.

ಎರಡನೆಯ ವಿಷಯ ಡ್ರಾಪ್‌ಔಟ್. ರೆಗ್ಯುಲೇಟರಿನ ಒಳಗೆ ಹೋಗುವ ವೋಲ್ಟೇಜು ಹೊರಬರುವುದಕ್ಕಿಂತ ಕಡೇಪಕ್ಷ ಇಷ್ಟು ಜಾಸ್ತಿ ಇರಲೇಬೇಕು ಅನ್ನುವ ಮಿತಿ ಅದು. ಎಎಂಎಸ್ 1117ಕ್ಕೆ ಒಂದು ವೋಲ್ಟಿಗೂ ಮೇಲೆ ಬೇಕು. ಅಂದರೆ 3.3 ಬರಬೇಕಾದರೆ 4.3 ಕೊಟ್ಟರೂ ಸಾಲದು. ನಮ್ಮ ಸೆಲ್ ಪೂರ್ತಿ ತುಂಬಿದಾಗಲೇ ಇರುವುದು 4.2. ಅಲ್ಲಿಗೆ ಮೊದಲ ದಿನದಿಂದಲೇ ಕೊರತೆ, ಅಲ್ವಾ?

ಹಾಗಾದರೆ ಯಾವುದು ಹಾಕಬೇಕು? ಎಂಸಿಪಿ 1700 ಅನ್ನುವುದು 1.6 ಮೈಕ್ರೋ ಆಂಪಿಯರ್ ಮಾತ್ರ ತಿನ್ನುತ್ತದೆ. ಮೂರು ಕಾಲಿನ ಭಾಗ, ಕೈಯಲ್ಲೇ ಬೆಸುಗೆ ಹಾಕಬಹುದು. ಆದರೆ ಅದು ಕೊಡುವುದು 250 ಮಿಲಿ ಆಂಪಿಯರ್. ವೈಫೈ ಕಳಿಸುವ ಆ ಕ್ಷಣದಲ್ಲಿ ಇಎಸ್‌ಪಿ 32 ಒಂದೇ 240ರವರೆಗೆ ಎಳೆಯುತ್ತದೆ. ಉಸಿರಾಡಲೂ ಜಾಗ ಉಳಿಯುವುದಿಲ್ಲ. ಚಿಪ್ ತಯಾರಕರೇ 500 ಕೊಡಬಲ್ಲ ಸಪ್ಲೈ ಇರಲಿ ಅನ್ನುತ್ತಾರೆ. ಹಾಗಾಗಿ ವೈಫೈಗೆ ನಾನು ಹೇಳುವುದು ಆರ್‌ಟಿ 9080ಯಂಥದ್ದು: ತಿನ್ನುವುದು 2 ಮೈಕ್ರೋ ಆಂಪಿಯರ್, ಕೊಡುವುದು 600 ಮಿಲಿ ಆಂಪಿಯರ್. ವೈಫೈ ಬದಲು ಲೋರಾ, ಅಂದರೆ ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಪುಟ್ಟ ಸುದ್ದಿ ಕಳಿಸುವ ರೇಡಿಯೋ ಆದರೆ ಎಂಸಿಪಿ 1700 ಧಾರಾಳವಾಗಿ ಸಾಕು. ಎಸ್‌ಎಕ್ಸ್ 1276 ಅನ್ನುವ ಲೋರಾ ಚಿಪ್ ಪೂರ್ತಿ ಜೋರಿನಲ್ಲಿ ಕಳಿಸಿದರೂ 120 ದಾಟುವುದಿಲ್ಲ. ಒಂದು ಎಚ್ಚರಿಕೆ. ಈ ಎರಡೂ ರೆಗ್ಯುಲೇಟರುಗಳು ಹೆಚ್ಚು ವೋಲ್ಟೇಜ್ ತಡೆಯುವುದಿಲ್ಲ. ಎಂಸಿಪಿಗೆ 6 ವೋಲ್ಟ್, ಆರ್‌ಟಿಗೆ 5.5 ವೋಲ್ಟ್, ಅಷ್ಟೇ ಮಿತಿ. ಸೋಲಾರ್ ಪ್ಯಾನೆಲನ್ನು ನೇರವಾಗಿ ತಗುಲಿಸಬೇಡಿ.

ಬಕ್ ಕನ್ವರ್ಟರ್, ಅಂದರೆ ವೇಗವಾಗಿ ಆನ್-ಆಫ್ ಮಾಡಿ ವೋಲ್ಟೇಜ್ ಇಳಿಸುವ ಭಾಗ ಹಾಕಿದರೆ ಉಳಿತಾಯ ಜಾಸ್ತಿ ಅಲ್ವಾ ಅಂತ ಕೇಳುವವರಿದ್ದಾರೆ. 12 ವೋಲ್ಟಿನ ಬ್ಯಾಟರಿ ಇದ್ದರೆ ಖಂಡಿತ ಹೌದು. ಒಂಟಿ ಲಿಥಿಯಂ ಸೆಲ್ಲಿಗೆ ಅಷ್ಟೇನಿಲ್ಲ. 3.7ರಿಂದ 3.3ಕ್ಕೆ ಇಳಿಸುವಾಗ ಸಾದಾ ರೆಗ್ಯುಲೇಟರೇ 89 ಶೇಕಡಾ ದಕ್ಷತೆ ಕೊಡುತ್ತದೆ. ಅಗ್ಗದ ಬಕ್ ಮಾಡ್ಯೂಲುಗಳು ಮಲಗಿದ ಹೊತ್ತಿನಲ್ಲಿ ತಿನ್ನುವುದೇ ಆ ಉಳಿತಾಯಕ್ಕಿಂತ ಹೆಚ್ಚಾಗಿಬಿಡುತ್ತದೆ.

ರೆಗ್ಯುಲೇಟರೇ ಬೇಡದ ದಾರಿಯೂ ಇದೆ, ನನಗೆ ತುಂಬಾ ಇಷ್ಟವಾದದ್ದು. ಈಗ ಹೇಳಿದ ಲೋರಾ ಚಿಪ್ 1.8ರಿಂದ 3.7 ವೋಲ್ಟ್‌ವರೆಗೆ ನಡೆಯುತ್ತದೆ. ಅದೇ ಮಿತಿಯಲ್ಲಿ ನಡೆಯುವ ಮೈಕ್ರೋಕಂಟ್ರೋಲರ್ (ಎಲ್ಲವನ್ನೂ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಮತ್ತು ಸೆನ್ಸರ್ ಆರಿಸಿಕೊಂಡರೆ ಎರಡು ಎಎ ಆಲ್ಕಲೈನ್ ಸೆಲ್ಲನ್ನು ನೇರವಾಗಿ ಕೊಡಬಹುದು. ಹೊಸದರಲ್ಲಿ 3.2, ಸವೆದಾಗ 1.8. ನಡುವೆ ತಿನ್ನುವವರು ಯಾರೂ ಇಲ್ಲ.

ಕೊನೆಗೆ, ಎಲ್ಲ ಜೋಡಿಸಿದ ಮೇಲೆ ಅಳೆಯಿರಿ. ಮಲ್ಟಿಮೀಟರನ್ನು ಮೈಕ್ರೋ ಆಂಪಿಯರಿಗೆ ತಿರುಗಿಸಿ, ಸೆಲ್ಲಿನ ದಾರಿಯಲ್ಲಿ ಸರಣಿಯಾಗಿ ಸೇರಿಸಿ. ಆದರೆ ಸೆನ್ಸರ್ ಎಚ್ಚರವಿದ್ದಾಗ ಮೀಟರಿನಲ್ಲೇ ವೋಲ್ಟೇಜ್ ಕಳೆದುಹೋಗಿ ಅದು ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಫ್ಯೂಸ್ ಕೂಡ ಹೋಗಬಹುದು. ಅದಕ್ಕೆ ಮೀಟರಿನ ಎರಡೂ ಮೊನೆಗಳನ್ನು ಒಂದು ತುಂಡು ವೈರಿನಿಂದ ಸೇರಿಸಿಟ್ಟಿರಿ. ಸೆನ್ಸರ್ ಮಲಗಿದ ಮೇಲೆ ಆ ವೈರು ತೆಗೆಯಿರಿ, ಓದಿ, ಅದು ಏಳುವ ಮೊದಲೇ ಮತ್ತೆ ಹಾಕಿ. 20 ಮೈಕ್ರೋ ಆಂಪಿಯರ್ ಆಸುಪಾಸು ತೋರಿಸಿದರೆ ನೆಮ್ಮದಿಯಾಗಿ ತೋಟಕ್ಕೆ ಒಯ್ಯಿರಿ. 200ರ ಹತ್ತಿರ ಬಂದರೆ ಬ್ಯಾಟರಿ ಅಳೆಯಲೆಂದು ಹಾಕಿದ 10 ಕಿಲೋ ಓಮಿನ ಜೋಡಿ ರೆಸಿಸ್ಟರ್ ಇದೆಯಾ ನೋಡಿ, ಇದ್ದರೆ 1 ಮೆಗಾ ಓಮಿನದಕ್ಕೆ ಬದಲಿಸಿ. ಮೀಟರಿನ ಮಿತಿಯೇ ಮೀರಿ ಮಿಲಿ ಆಂಪಿಯರಿಗೆ ಹೋದರೆ ಬೋರ್ಡಿನ ಮೇಲೆ ಸದಾ ಉರಿಯುವ ಪುಟ್ಟ ಎಲ್‌ಇಡಿಯನ್ನೂ, ಯುಎಸ್‌ಬಿ ಚಿಪ್ಪನ್ನೂ ಹುಡುಕಿ. ನಮಸ್ಕಾರ.